ಮೂಗಿನ ಮ್ಯಾಲಿನ ಮಾರಿ

ಬಬಲೇಶ್ವರಕ್ಕ ಸೊಸಿಯಾಗಿ ಬಂದು ನನಗ ಇನ್ನೂ ವರ್ಷ ತುಂಬಿರಲಿಲ್ಲ. ಒಂದಿನ ಮಟಮಟ ಮಧ್ಯಾಹ್ನ ಯಾವನೋ ಬಾಗಿಲಿಗೆ ಬಂದು ನೀರು ಕೇಳಿದ. ತಂಬಿಗಿ ತುಂಬಿ ತರೂದ್ರಾಗ ಅವನೂ ಇಲ್ಲ, ಅತ್ತಿ ಜಳಕಕ್ಕ ಹೋಗೂ ಮುಂದ ಕಟ್ಟಿ ಮ್ಯಾಲ ಬಿಚ್ಚಿಟ್ಟಿದ್ದ ಬಂಗಾರದ ಬೋರಮಾಳ ಸರಾನೂ ಇಲ್ಲ.

ಕಳ್ಳನ ಮಾರಿ ನೋಡಿದಾಕಿ ನಾನೊಬ್ಬಾಕಿ ಅಂತ ವಿಜಾಪುರದ ಠಾಣಾಕ್ಕ ಕರಿಸಿದರು. ಅತ್ತಿ ಜೋಡಿ ಹೋದೆ. ಅಲ್ಲಿ ಕಳ್ಳನ ಚಿತ್ರ ತೆಗಿಯಾಕ ಸಾಲಿಯ ಡ್ರಾಯಿಂಗ್ ಮಾಸ್ತರು ಪೆನ್ಸಿಲ್ ಹಿಡಕೊಂಡು ಕುಂತಿದ್ದರು. ಗಡ್ಡ ಹೇಳಿದೆ, ತುಟಿ ಹೇಳಿದೆ, ಮೀಸಿ ಹೇಳಿದೆ. ‘ಕಣ್ಣು?’ ಅಂದರು. ಹೊಸಾ ಸೊಸಿ ಸೆರಗು ಹಣಿ ಮ್ಯಾಲಿಂದ ಇಳಿಸಿಕೊಂಡ ಇರಬೇಕು, ಪರಗಂಡಸಿನ ಮುಂದ ತಲಿ ಎತ್ತಬಾರದು. ಅವನ ಮೂಗಿನ ಮ್ಯಾಲ ನಾ ಏನೂ ನೋಡಿರಲಿಲ್ಲ.

ಅದನ್ನ ಹೇಳಾಕ ಹೋದರ ಫೌಜದಾರ ಟೇಬಲ್ ಕುಟ್ಟಿದ. ‘ಕಣ್ಣಿಲ್ಲದ ಕಳ್ಳನ್ನ ಎಲ್ಲಿ ಹುಡುಕಲಿ, ತಂಗಿ? ನೆನಪ ಮಾಡಕೋ.’ ಅತ್ತಿ ಬ್ಯಾರೆ ಬಾಜೂಕ ಕುಂತು ಚಿವುಟಾಕತ್ತಿದ್ದಳು. ನನಗ ಒಮ್ಮೆ ಎದ್ದು ಹೋದರ ಸಾಕಾಗಿತ್ತು. ಬಾಯಿಗೆ ಬಂದದ್ದು ಹೇಳಿದೆ: ದೊಡ್ಡ ಕಣ್ಣು, ಕೂಡು ಹುಬ್ಬು, ಅಗಲ ಹಣಿ.

ಮರುದಿನ ಪೊಲೀಸರು ಆ ಚಿತ್ರ ತಂದು ಚಾವಡಿಯೊಳಗ ತೋರಿಸಿದರು. ಮಂದಿ ಒಮ್ಮೆ ಚಿತ್ರ, ಒಮ್ಮೆ ನಮ್ಮ ಮನಿಯವರನ್ನ ನೋಡಾಕತ್ತಿದರು. ಅದ ಕಣ್ಣು, ಅದ ಹುಬ್ಬು. ಇವರಿಗೆ ಗಡ್ಡ ಇಲ್ಲಲ್ಲ ಅಂತ ಯಾರೋ ಅಂದರ, ಬೋಳಿಸಾಕ ಎಷ್ಟೊತ್ತು ಅಂದರು ಪೊಲೀಸರು. ಕಳವಾದ ದಿನ ಇವರು ಒಬ್ಬರ ತಿಕೋಟಾಕ್ಕ ಎತ್ತು ನೋಡಾಕ ಹೋಗಿದ್ದರು. ಹೌದು ಅನ್ನಾಕ ಅಲ್ಲಿ ಇವರ ಗುರುತಿನವರು ಯಾರೂ ಇರಲಿಲ್ಲ. ಎಳಕೊಂಡ ಹೋದರು. ಅತ್ತಿ ಎದಿ ಬಡಕೊಂಡು ಅತ್ತಳು, ‘ಸರ ಹೋದರ ಹೋಗಲಿ, ನನ್ನ ಮಗನ್ನ ಹಿಡಿದು ಕೊಟ್ಟೆಲ್ಲ ಬೇ!’

ನನಗ ಒಳಗಿಂದ ಬೆಂಕಿ ಹತ್ತಿತ್ತು, ಫೌಜದಾರನ ಮ್ಯಾಲೂ, ನನ್ನ ಮ್ಯಾಲೂ. ಸಿಕ್ಕ ಬಸ್ ಹತ್ತಿ ಠಾಣಾಕ್ಕ ಹೋದೆ. ಚಿತ್ರ ಬೇಡಿದೆ. ಮೂಗಿನ ಮ್ಯಾಲಿನ ಅರ್ಧ ಅಂಗೈಯಿಂದ ಮುಚ್ಚಿದೆ.

‘ನಾ ನೋಡಿದ್ದು ಇಷ್ಟ ರೀ, ಸಾಹೇಬ್ರ. ಉಳಿದದ್ದು ನೀವು ಕೇಳಿದ್ದಕ್ಕ ಹೇಳಿದ್ದು. ಈ ಊರಾಗ ನಾ ಕಣ್ಣೆತ್ತಿ ನೋಡಿದ ಗಂಡಸು ಇವರೊಬ್ಬರ. ಇವರ ಬಂದು ನೀರು ಕೇಳಿದ್ದರ ದನಿ ಗುರುತ ಸಿಗತಿದ್ದಿಲ್ಲೇನ್ರಿ?’

ಫೌಜದಾರ ತಾನೂ ಚಿತ್ರದ ಮ್ಯಾಲ ಅಂಗೈ ಇಟ್ಟು ನೋಡಿದ. ಹೊತ್ತು ಮುಳುಗೂದ್ರಾಗ ಇವರನ್ನ ಬಿಟ್ಟರು.

ಬಸ್ ಸ್ಟ್ಯಾಂಡಿಗೆ ಬಂದಿವಿ. ಇವರು ಸಿಟ್ಟಿಲೆ ಕೇಳಿದರು, ‘ಕಳ್ಳ ಅಂದ ಕೂಡಲೆ ನಿನಗ ನನ್ನ ಕಣ್ಣ ನೆನಪಾದುವೇನು?’

ಅಷ್ಟು ಮಂದಿಯೊಳಗ ನಾ ಸೆರಗು ಹಿಂದ ಸರಿಸಿ ಇವರನ್ನ ನೆಟ್ಟಗ ನೋಡಿದೆ. ‘ಮತ್ಯಾರವು ನೆನಪಾಗಬೇಕಿತ್ತು?’ ಅಂದೆ.