ಕಂಫರ್ಟೇಬಲ್ ಅಂದರೆ

ಆ ದಿನವೂ ಬೆಳಿಗ್ಗೆ ಎದ್ದವಳು ಹಾಲು ಕಾಯಿಸಿದೆ, ಇವರ ಡಬ್ಬಿಗೆ ರೊಟ್ಟಿ ಬಡಿದೆ, ಮಡಕಿಕಾಳಿನ ಪಲ್ಯಕ್ಕೆ ಒಗ್ಗರಣೆ ಹಾಕಿದೆ. ಕಡೆಗೆ ಅತ್ತೆಗೆಂದು ಅಕ್ಕಿಗಂಜಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಥರ್ಮಾಸಿಗೆ ತುಂಬಿದೆ. ಆಸ್ಪತ್ರೆಯಲ್ಲಿ ಅವರು ಗಂಜಿ ಮುಟ್ಟುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು. ಆದರೂ ಬರಿಗೈಯಲ್ಲಿ ಹೋಗಲು ಮನಸ್ಸು ಒಪ್ಪುತ್ತಿರಲಿಲ್ಲ. ಒಯ್ದದ್ದನ್ನು ಸಂಜೆ ಹಾಗೇ ತಂದು ಮೋರಿಗೆ ಸುರಿಯುತ್ತಿದ್ದೆ.

ಡಾಕ್ಟರು ಇಬ್ಬರನ್ನೂ ಬರಹೇಳಿದ್ದರಿಂದ ಇವರು ಬೆಲ್ಲದ ಅಂಗಡಿಯನ್ನು ಆಳಿನ ಕೈಗೆ ಬಿಟ್ಟು ನನ್ನ ಜೊತೆ ರಿಕ್ಷಾ ಹತ್ತಿದರು. ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆ. ಅದು ಲಿವರಿಗೂ ಹಬ್ಬಿತ್ತು. ನೋಡುತ್ತಿದ್ದ ಡಾಕ್ಟರು ಬಂಗಾಳದ ಕಡೆಯ ಹುಡುಗಿ, ನನ್ನ ಮಗಳ ವಯಸ್ಸಿನವಳು. ನಾವಿರುವ ಈ ಊರಿನ ಮರಾಠಿ ಅವಳಿಗೆ ಅಷ್ಟಕ್ಕಷ್ಟೆ, ಮಾತೆಲ್ಲ ಇಂಗ್ಲಿಷಿನಲ್ಲಿ. ಹಾಗಾಗಿ ಅವಳು ಹೇಳಿದ್ದನ್ನು ಮನೆಯವರಿಗೆ ಕನ್ನಡದಲ್ಲಿ ಮುಟ್ಟಿಸುವ ಕೆಲಸ ಮೊದಲಿನಿಂದ ನನ್ನದೇ. ಪ್ರತಿಸಲ ಕಾರಿಡಾರಿನಲ್ಲಿ ನಿಂತೇ ಮಾತಾಡುತ್ತಿದ್ದವಳು ಅಂದು ಕೋಣೆಗೆ ಕರೆದು, ಕುರ್ಚಿಯ ಮೇಲಿದ್ದ ತನ್ನ ಬ್ಯಾಗನ್ನು ಕೆಳಗಿಟ್ಟು, ಇವರನ್ನು ಕೂರಿಸಿದಳು. 

ಇನ್ನು ಆಪರೇಶನ್ ಬೇಡ, ರಕ್ತ ತೆಗೆಯುವುದು ಬೇಡ, ಸ್ಕ್ಯಾನ್ ಬೇಡ ಎಂದಳು. "ವಿ ವಿಲ್ ಕೀಪ್ ಹರ್ ಕಂಫರ್ಟೇಬಲ್" ಎಂದಳು.

ಹೊರಗೆ ಬಂದ ಕೂಡಲೇ ಇವರ ಮುಖ ಅರಳಿತ್ತು. "ಕಂಫರ್ಟೇಬಲ್ ಅಂದ್ಲಲ್ಲ! ಆ ಸುಡುಗಾಡು ಸೂಜಿನೂ ಬಂದ್ ಮಾಡ್ಯಾರ. ಅವ್ವ ಆರಾಮಾಗ್ತಾಳ ಬಿಡು." ಬೆಲ್ಲದ ಗಿರಾಕಿಯೊಬ್ಬರ ಫೋನ್ ಬಂತು. ಮಾತಾಡುತ್ತಲೇ ಮೆಟ್ಟಿಲಿಳಿದು ಅಂಗಡಿಗೆ ಹೋಗಿಬಿಟ್ಟರು.

ಬೆಳಗಾವಿಯ ಕಾನ್ವೆಂಟಿನಲ್ಲಿ ಇಂಗ್ಲಿಷ್ ಸಿಸ್ಟರ್ ನಮ್ಮಿಂದ ಸಮಾನಾರ್ಥಕ ಪದಗಳನ್ನು ಬರೆಸುತ್ತಿದ್ದರು. ಕಂಫರ್ಟೇಬಲ್ ಎಂದರೆ ಮೆತ್ತಗಿನ, ಬೆಚ್ಚಗಿನ, ನಿರಾಳವಾದ, ಸಂಕೋಚವಿಲ್ಲದ. ಉಂಡುಟ್ಟು ಮಿಗುವಷ್ಟು ಇರುವವರನ್ನೂ ಹಾಗೇ ಹೇಳುತ್ತಾರೆಂದು ಕಲಿಸಿದ್ದರು. ಕುರ್ಚಿಗೆ ಬೇರೆ, ಚಪ್ಪಲಿಗೆ ಬೇರೆ, ಸಂಬಳಕ್ಕೆ ಬೇರೆ. ಆದರೆ ಇನ್ನೊಂದು ಅರ್ಥ ಕ್ಲಾಸಿನಲ್ಲಿ ಕಲಿತದ್ದಲ್ಲ. ಹಾಡು ಹೇಳಿಕೊಡುತ್ತಿದ್ದ ಮುದುಕಿ ಸಿಸ್ಟರ್ ಹಾಸಿಗೆ ಹಿಡಿದಾಗ ನಾವು ಹುಡುಗಿಯರು ಗೇಟಿನ ಹತ್ತಿರ ನಿಂತು ದಿನಾ ವಿಚಾರಿಸುತ್ತಿದ್ದೆವು. ನಿದ್ದೆ ಬಂತು, ಎರಡು ಚಮಚ ಸೂಪು ಕುಡಿದರು, ಹೀಗೇ ಏನಾದರೂ ಬೇರೆ ಸಿಸ್ಟರ್‌ಗಳು ಹೇಳುತ್ತಿದ್ದರು. ಒಂದು ದಿನ ಮಾತ್ರ, "ಶಿ ಈಸ್ ಕಂಫರ್ಟೇಬಲ್ ನೌ, ಗರ್ಲ್ಸ್" ಎಂದರು. ಮರುದಿನ ನಮ್ಮನ್ನು ಸಾಲಾಗಿ ಚಾಪೆಲ್ಲಿಗೆ ಕರೆದೊಯ್ದರು. ಹಾಡಿನ ಸಿಸ್ಟರನ್ನು ಕಾಲಿಗೆ ಹೊಸ ಬಿಳಿ ಕಾಲುಚೀಲ ಹಾಕಿ ಮಲಗಿಸಿದ್ದರು.

ವಾರ್ಡಿಗೆ ಹೋದೆ. ಅತ್ತೆಯ ಕೈಯ ಪಟ್ಟಿ ಬಿಚ್ಚಿದ್ದರು. ಅಂಟು ಹತ್ತಿದ್ದ ಜಾಗದಲ್ಲಿ ಕಪ್ಪು ಗೆರೆಗಳು. ಒದ್ದೆ ಹತ್ತಿಯಿಂದ ಒರೆಸತೊಡಗಿದೆ.

"ಏನಂದ್ಲ ಆ ಹುಡುಗಿ?"

"ನೋವಾಗದಂಗ ನೋಡ್ಕೋತೀವಿ ಅಂದ್ಲರಿ."

"ಇಷ್ಟನ?"

"ಇಷ್ಟರೀ."

"ಇಷ್ಟು ಹೇಳಲಿಕ್ಕೆ ಕಾನ್ವೆಂಟ್ ಸೊಸಿ ಯಾಕ ಬೇಕಿತ್ತು" ಎಂದು ನಕ್ಕರು. ಮದುವೆಯಾದಾಗಿನಿಂದ ಕೇಳಿದ ಚೇಷ್ಟೆಯದು. ರೊಟ್ಟಿ ಹರಿದಾಗೆಲ್ಲ 'ಇಂಗ್ಲಿಷ್ ರೊಟ್ಟಿ' ಅನ್ನುತ್ತಿದ್ದರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ನನ್ನ ಕೈ ಹಿಡಿದರು. "ನನ್ನ ಮಗಳಿಗೆ ಏನೂ ಹೇಳಬ್ಯಾಡ. ಆಕಿ ಕೂಸಿನ ಕುಬಸ ಆಗಿಬಿಡಲಿ."

ನನ್ನ ನಾದಿನಿ ಇರುವುದು ಬಾಗಲಕೋಟೆಯಲ್ಲಿ. ಅವರ ಮಗಳು ಚೊಚ್ಚಲ ಬಸುರಿ. ಎರಡೇ ದಿನದಲ್ಲಿ ತವರಿನಲ್ಲಿ ಕುಬಸ, ಎಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಬೀಗರಿಗೆ ಹೇಳಿಯಾಗಿತ್ತು, ಅಡಿಗೆಯವರಿಗೆ ಹೇಳಿಯಾಗಿತ್ತು. ಇವರು ಹಿಂದಿನ ದಿನವೇ ತಂಗಿಗೆ, "ಅವ್ವ ಆರಾಮದಾಳ, ನೀ ಕಾರ್ಯ ಮುಗಿಸಿಕೊಂಡು ಬಾ" ಎಂದಿದ್ದರು.

ಮಧ್ಯಾಹ್ನ ನಾದಿನಿಯ ಫೋನು ಬಂದಾಗ ನಾನು ವಾರ್ಡಿನ ಹೊರಗೆ, ಲಿಫ್ಟಿನ ಪಕ್ಕದ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದೆ. ಆ ಕಡೆ ಹೆಂಗಸರ ಗದ್ದಲ, ಯಾರೋ ಹೋಳಿಗೆಯ ಹೂರಣದ ಬಗ್ಗೆ ಜಗಳಾಡುತ್ತಿದ್ದರು.

"ವೈನಿ, ಡಾಕ್ಟರ್ ಏನಂದ್ರರಿ? ಅಣ್ಣ ಹೇಳಿದ, ಕಂಫರ್ಟೇಬಲ್ ಅದಾಳಂತ. ಹಂಗಾದ್ರ ಕುಬಸ ಮುಗಿಸಿ ಶನಿವಾರ ಹತ್ತತೀನಿ, ನಡೀತದಲ್ಲ?"

ಅತ್ತೆಯ ಬೆರಳು ಒತ್ತಿದ ಜಾಗ ಇನ್ನೂ ನನ್ನ ಮಣಿಕಟ್ಟಿನಲ್ಲಿ ಕೆಂಪಗಿತ್ತು. ನಡೀತದ ಅಂದಿದ್ದರೆ ಆಯಿತು, ಅಲ್ಲಿಯ ಸಂಭ್ರಮ ಹಾಗೇ ಉಳಿಯುತ್ತಿತ್ತು. ಆದರೆ ಶನಿವಾರ ಹತ್ತಿ ಬಂದಿಳಿದು ಆ ತಾಯಿಯ ಮಗಳು ಯಾರ ಮುಖ ನೋಡಬೇಕು?

"ಒಂದ್ಸಲ ಬಂದ್ ಹೋಗ್ರಿ" ಎಂದೆ.

ನಮ್ಮ ಕಡೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಸಾವಿನ ಹೆಸರನ್ನು ಬಾಯಿಗೆ ತರದೆ ಜನರನ್ನು ಕರೆಸುವುದು ಹೀಗೆಯೇ. ಹೂರಣದ ಜಗಳ ಮುಂದುವರಿದಿತ್ತು.  ನಾದಿನಿ ಬಾಗಿಲು ಮುಂದೆ ಮಾಡಿದ ಸಪ್ಪಳ ಕೇಳಿಸಿತು, ಗದ್ದಲ ಸಣ್ಣದಾಯಿತು.

"ವೈನಿ, ಖರೇ ಹೇಳ್ರಿ. ಕುಬಸದ ಮಟಾ ತಡೀತಾಳೇನು?"

"ಇವತ್ತಿನ ಬಸ್ಸೇ ಹತ್ತರಿ. ಕಾತ್ರಜದಾಗ ಇಳೀಬ್ಯಾಡ್ರಿ, ಸೀದಾ ಸ್ವಾರಗೇಟ್ ಸ್ಟ್ಯಾಂಡಿಗೇ ಬರ್ರಿ, ಇವರು ನಿಂತಿರ್ತಾರ."

"ಮಗಳಿಗೆ ಏನಂತ ಹೇಳ್ಲಿ? ಕೈಗೆ ಮೆಹಂದಿ ಹಚ್ಗೊಂಡು ಕೂತಾಳ." ಅಳಲಿಲ್ಲ. "ಮನ್ಯಾಗ ನೆಗೆಣ್ಣಿ ಅದಾಳ, ಆಕಿ ಕೈಲೆ ಉಡಿ ತುಂಬಸ್ತೀನಿ. ನಾ ಬರ್ತೀನಿ" ಎಂದು ಇಟ್ಟರು.

ಇವರು ಅಂಗಡಿಯಿಂದ ಬಂದಾಗ ಅದೇ ಬೆಂಚಿನ ಹತ್ತಿರ ಹೇಳಿದೆ. ಸಿಟ್ಟು ನೆತ್ತಿಗೇರಿತು. "ಯಾರು ನಿನಗ ಹೇಳಂದವ್ರು? ಡಾಕ್ಟರಕಿಂತಾ ನಿನಗ ಭಾಳ ತಿಳೀತದೇನು? ಶುಭಕಾರ್ಯದ ಮನಿಗೆ ಎಂಥಾ ಬಾಯಿ ನಿಂದು!"

ಡಾಕ್ಟರು ಹೇಳಿದ್ದನ್ನು ಒಂದೊಂದೇ ಮಾತಾಗಿ, ಈ ಸಲ ಏನನ್ನೂ ಮೆತ್ತಗೆ ಮಾಡದೆ ಕನ್ನಡದಲ್ಲಿ ಹೇಳಿದೆ. ಔಷಧಿ ಇನ್ನು ನೋವಿಗಷ್ಟೇ, ರೋಗಕ್ಕಲ್ಲ. ಇವರು ಬೆಂಚಿನ ತುದಿಯಲ್ಲಿ ಕೂತರು. ಅಂಗಿಯ ತೋಳಿನ ಮೇಲೆ ಬೆಲ್ಲದ ಪುಡಿ ಇತ್ತು, ಒಂದು ಇರುವೆ ಅದರ ಮೇಲೆ ಹರಿಯುತ್ತಿತ್ತು.

"ಮತ್ತ ಆಕಿ ಹಂಗ್ಯಾಕಂದ್ಲು? ಸಾಯ್ತಾಳ ಅನ್ನಲಿಕ್ಕೆ ಇಂಗ್ಲಿಷಿನಾಗ ಶಬ್ದ ಇಲ್ಲೇನು?"

"ಭಾಳ ಅದಾವ್ರೀ" ಎಂದೆ. ಅಷ್ಟು ಶಬ್ದಗಳಿದ್ದೂ ಮುಖಾಮುಖಿಯಾಗಿ ಆಡುವಂಥದ್ದು ಒಂದೂ ಇರಲಿಲ್ಲವೋ ಏನೋ. ನಮ್ಮಲ್ಲೂ ಎಲ್ಲಿತ್ತು?

ಇವರು ಅವ್ವನ ಬಳಿ ಉಳಿದರು. ನಾನು ಸಂಜೆ ಮನೆಗೆ ಬಂದು ಅಟ್ಟದಿಂದ ಗಾದಿ, ಕೌದಿಗಳನ್ನು ಇಳಿಸಿ ಗ್ಯಾಲರಿಯ ಕಟಾಂಜನದ ಮೇಲೆ ಹರವುತ್ತಿದ್ದೆ. ಎದುರುಮನೆಯ ಮರಾಠಿ ಕಾಕು ಒಣಗಿದ ಬಟ್ಟೆ ತೆಗೆಯಲು ಹೊರಬಂದರು.

"ಯಾರಾದರೂ ಬರುವವರಿದ್ದಾರಾ?" ಎಂದು ಮರಾಠಿಯಲ್ಲಿ ಕೇಳಿದರು.

"ನಾದಿನಿ. ನಾಳೆ ಬೆಳಿಗ್ಗೆ."

"ಆಜಿ ಹೇಗಿದ್ದಾರೆ?"

"ಇದ್ದಾರೆ" ಎಂದೆ.

ಅವರು ಕೌದಿಗಳ ಕಡೆಗೊಮ್ಮೆ ನೋಡಿ, ಬಟ್ಟೆಗೆ ಸಿಕ್ಕಿಸಿದ್ದ ಚಿಮಟಿಗೆಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಳ್ಳುತ್ತಾ ಹೇಳಿದರು: "ನಾಳೆ ಗುರುವಾರ, ನೀರು ಬಂದ್. ನಿಮ್ಮಲ್ಲಿ ಜನ ಆಗ್ತಾರೆ, ದೊಡ್ಡ ಡ್ರಮ್ಮು ಇವತ್ತೇ ತುಂಬಿಸಿಟ್ಟುಕೊಳ್ಳಿ."