ಹರವಿಯ ನೀರಿನಲ್ಲಿ ಸುಭಾನಸಾಬ ಕಂಡದ್ದು

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುವ ಗಾದೆಯನ್ನು ನಮ್ಮ ಇಳಕಲ್ಲಿನ ಸುಭಾನಸಾಬನನ್ನು ನೋಡಿಯೇ ಕಟ್ಟಿರಬೇಕು. ಕಸುಬು ಗಡಿಯಾರ ರಿಪೇರಿ, ಹುಚ್ಚು ಹಳೆಯ ಸೂಕ್ಷ್ಮದರ್ಶಕಗಳದ್ದು. ಪ್ಲೇಗು ಇಳಿದ ಮೇಲೆ ಸೊಲ್ಲಾಪುರದಲ್ಲಿ ದವಾಖಾನೆಯ ಹಳೇ ಸಾಮಾನು ಲಿಲಾವಿನಲ್ಲಿ ಕೂಗಿ ಮಾರುವಾಗ ಮಂದಿ ಕುರ್ಚಿ, ಕಪಾಟು ಹೊತ್ತು ತಂದರು. ಇವನು ಮುರುಕು ಹಿತ್ತಾಳೆ ನಳಿಗೆಗಳನ್ನು ತಂದ. ಒಂದರ ನಳಿಗೆಗೆ ಇನ್ನೊಂದರ ಗಾಜು ಕೂಡಿಸಿದ. ಏರಿಳಿಸಲು ಗಡಿಯಾರದ ಹಲ್ಲುಗಾಲಿ, ಬೆಳಕಿಗೆ ಹಜಾಮನ ಕನ್ನಡಿ. ಬುಡಕ್ಕೆ ನನ್ನ ಅಂಗಡಿಯ ತೂಕದ ಕಲ್ಲನ್ನೇ ಎತ್ತಿಕೊಂಡು ಹೋದ, ಭಾಡ್ಯಾ!

ಊರಿಗೆ ಅವೆಲ್ಲ ಭೂತಗನ್ನಡಿ. ಹೇನಿನ ಕಾಲು, ಉಪ್ಪಿನ ಹರಳು, ರೇಷ್ಮೆಯ ಎಳೆ, ಏನು ಸಿಕ್ಕರೂ ಅದರ ಕೆಳಗಿಟ್ಟು ಹಾದಿಹೋಕರನ್ನು ಕರೆದು ತೋರಿಸುತ್ತಿದ್ದ. "ನನಗ ಏಳು ಮಂದಿ ಸವತ್ಯಾರು, ಎಲ್ಲಾರೂ ಹಿತ್ತಾಳಿಯವರು" ಎಂದು ಅವನ ಹೆಂಡತಿ ಲಾಲಬಿ ಕಂಡವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಆ ಬೇಸಿಗೆಯಲ್ಲಿ ನನ್ನ ಹೆಂಡತಿ ಬಸಲಿಂಗವ್ವನ ಪಾದದಲ್ಲಿ ಮತ್ತೆ ನಾರುಹುಣ್ಣು ಎದ್ದಿತು. ಹುಣ್ಣು ಒಡೆದು ಬಿಳಿ ದಾರದಂಥ ಹುಳ ಹೊರಗೆ ಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೆಯಬೇಕು. ಹರಿದರೆ ಕಾಲು ಕೆಟ್ಟಂತೆಯೇ. ಅವಳ ಚಿಂತೆ ತನ್ನ ಕಾಲಿನದಲ್ಲ. "ನನ್ನ ಶಾರವ್ವಗ ಇದು ಬರಬಾರದ್ರಿ, ಯಾವ ದೇವ್ರಿಗೆ ಹರಕಿ ಹೊರಲಿ ಹೇಳ್ರಿ" ಎಂದು ನಾಲ್ಕು ವರ್ಷದ ಮಗಳನ್ನು ಅವಚಿಕೊಂಡು ಅಳುತ್ತಿದ್ದಳು.

ಸುದ್ದಿ ಕೇಳಿ ಸುಭಾನಸಾಬ ಭೂತಗನ್ನಡಿ ಹೊತ್ತುಕೊಂಡೇ ಬಂದ. "ತಂಗಿ, ನಿಮ್ಮ ನೀರು ಒಂದೀಟ ಕೊಡವಾ, ನೋಡ್ತೇನಿ."

ನನಗೆ ಸಿಟ್ಟು ನೆತ್ತಿಗೇರಿತು. "ಲೇ ಸುಭಾನ್ಯಾ, ಲಿಂಗಪೂಜಿ ಮಾಡೂ ಮನಿ ಇದು! ಅರಿವಿಲೆ ಸೋಸದ ನೀರು ನಮ್ಮ ಲಿಂಗಕ್ಕ ಮುಟ್ಟಂಗಿಲ್ಲ!"

ಬಟ್ಟೆಯಲ್ಲಿ ಸೋಸಿಟ್ಟ ಪೂಜೆಯ ತಂಬಿಗೆಯಿಂದ ನಾನೇ ಒಂದು ಹನಿ ಬಿಟ್ಟೆ. ನೋಡಿದ. ಏನೂ ಇಲ್ಲ. ನಾನು ಮೀಸೆ ತಿರುವಿದೆ.

"ಮತ್ತ ಕುಡಿಯೂ ನೀರು?"

ಕುಡಿಯುವ ನೀರನ್ನು ಯಾರು ಸೋಸುತ್ತಾರೆ? ಬಾವಿಯಿಂದ ಕೊಡ ಬಂತು, ಮಣ್ಣಿನ ಹರವಿಗೆ ಸುರಿದೆವು, ಕುಡಿದೆವು. ಹರವಿಯಿಂದ ಒಂದು ಹನಿ ಇಟ್ಟು ಕಣ್ಣು ಹಚ್ಚಿದವನು ತಟಕ್ಕನೆ ಹಿಂದೆ ಸರಿದ. ನಾನು ಬಗ್ಗಿದೆ. ಅಯ್ಯೋ ಶಿವನೇ! ಒಂಟಿಕಣ್ಣಿನ, ಉದ್ದ ಮೀಸೆಯ ಹುಳ ದುಡುದುಡು ಓಡುತ್ತಿತ್ತು. ಅದರ ತಿಳಿ ಮೈಯೊಳಗೆ ಸಣ್ಣದೊಂದು ಎಳೆ ಸುರುಳಿ ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಇದನ್ನೇ ನಾವು ತಂಬಿಗೆಗಟ್ಟಲೆ ಕುಡಿದಿದ್ದೆವು.

ಸುಭಾನಸಾಬ ಬಸಲಿಂಗವ್ವನ ಹುಣ್ಣಿನ ಮೇಲೆ ತಣ್ಣೀರು ಹನಿಸಲು ಹೇಳಿದ. ಹಾಲಿನಂಥದ್ದು ಒಸರಿತು. ಅದನ್ನು ಗಾಜಿನ ಕೆಳಗಿಟ್ಟು ನೋಡಿ, ನನ್ನನ್ನೂ ಕರೆದು ತೋರಿಸಿದ. ಅಲ್ಲಿ ಅವೇ ಎಳೆಗಳು, ಲೆಕ್ಕವಿಲ್ಲದಷ್ಟು, ಎಲ್ಲ ಜೀವಂತ.

"ತಂಗಿ, ನೀ ಬಾವ್ಯಾಗ ಕಾಲ ಇಡ್ತೀಯೇನು?"

"ಉರಿ ತಡಿಯಾಕ ಆಗೂದಿಲ್ಲಣ್ಣಾ. ಎಲ್ಲಾರೂ ಇಡ್ತಾರ. ಕೆಳಗಿನ ಮೆಟ್ಟಲಿಗೆ ಕುಂತು ನೀರಾಗ ಕಾಲ ಬಿಟ್ರ ತಂಪಾಗ್ತೈತಿ. ಆಮ್ಯಾಲ ಕೊಡ ತುಂಬಕೊಂಡು..."

ಬಸಲಿಂಗವ್ವ ಕುಂಟುತ್ತ ಬಂದು ಭೂತಗನ್ನಡಿಗೆ ತಾನೇ ಕಣ್ಣು ಹಚ್ಚಿದಳು. ಬಹಳ ಹೊತ್ತು ನೋಡಿದಳು.

"ನನ್ನ ಕಾಲಿಂದ ಬಾವಿಗೆ. ಬಾವಿಯಿಂದ ಹರವಿಗೆ. ಅಂದ್ರ ನಾನ ನನ್ನ ಕೂಸಿಗೆ ಕುಡಿಸೇನಿ?"

"ಇನ್ನ ಮ್ಯಾಲೆ ಸೋಸಿ ಕುಡೀರಿ. ನೀರಾಗ ಕಾಲ ಇಡಬ್ಯಾಡ್ರಿ" ಎಂದ ಸುಭಾನಸಾಬ.

"ಇನ್ನ ಮ್ಯಾಲಿಂದಲ್ಲಣ್ಣಾ. ಕುಡದದ್ದು?"

"ಒಳಗ ಹೋಗಿದ್ದು ಹೊರಗ ಬರಾಕ ವರ್ಷ ಹಿಡೀತೈತಿ ಅಂತಾರ, ತಂಗಿ. ಅಲ್ಲೀತನಾ ತಿಳಿಯಂಗಿಲ್ಲ."

"ತಗಿಯಾಕ ಬರ್ತೈತೇನು?"

ಯಾವ ಮುರಿದ ಯಂತ್ರ ಕಂಡರೂ "ಕೊಡ ಇಲ್ಲೆ" ಎಂದು ಕೈ ಚಾಚುತ್ತಿದ್ದ ಮನುಷ್ಯ ಇಲ್ಲವೆಂದು ತಲೆ ಅಲ್ಲಾಡಿಸಿ ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿದ.

ಬಸಲಿಂಗವ್ವ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಆ ಪುಟ್ಟ ಕಾಲುಗಳನ್ನು ಮೇಲಿನಿಂದ ಹಿಮ್ಮಡಿಯವರೆಗೆ ಬೆರಳಿನಿಂದ ಒತ್ತಿ ಒತ್ತಿ ನೋಡತೊಡಗಿದಳು. ಕಚಗುಳಿಯಾಗಿ ಶಾರವ್ವ ಕಿಲಕಿಲ ನಕ್ಕಳು.

"ಇನ್ನೊಮ್ಮಿ ಮಾಡ ಬೇ" ಅಂದಳು.