ಹುಳ ಒಪ್ಪಿದ ಮನೆ

ಸಾತನೂರಿನ ಪೇಂಟರ್ ಚೆಲುವಯ್ಯನನ್ನು ಹೊಸ ಮನೆಗೆ ಬಣ್ಣ ಹೊಡೆಯಲು ಕರೆದರೆ ಆತ ಮೊದಲು ಕೇಳುವುದು ಬಣ್ಣ ಯಾವುದೆಂದಲ್ಲ, ಕೋಣೆಯಲ್ಲಿ ಮಲಗುವವರು ಯಾರೆಂದು. ಬಾಣಂತಿ, ಕೂಸು ಎಂದರೆ ಮುಗಿಯಿತು, ಡಬ್ಬದ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಪಂಚಾಂಗ ನೋಡುವವರಂತೆ ಓದುತ್ತಾನೆ. ಗೋಡೆಗೆ ಸುಣ್ಣ, ಇಲ್ಲವೇ ನೀರಿನಲ್ಲಿ ಕಲಸುವ ಘಾಟು ಕಡಿಮೆಯ ಪೇಂಟು. ಬಾಗಿಲಿಗೆ ಚನ್ನಪಟ್ಟಣದಿಂದ ತಂದ ಅರಗಿನ ಪಾಲಿಷ್. ಹೆದ್ದಾರಿ ಬದಿಯಲ್ಲಿ ಕಾರ್ಖಾನೆಗಳೆದ್ದು ಜನರ ಕೈಯಲ್ಲಿ ಕಾಸಾಡಿದ ಮೇಲೆ ಎಲ್ಲರಿಗೂ ಮನೆ ಕನ್ನಡಿಯಂತಿರಬೇಕು. "ಗ್ವಾಡೆ ಹೊಳೆದ್ರೆ ಆಯ್ತಾ? ಉಸ್ರಾಡೋದು ಬ್ಯಾಡ್ವಾ?" ಎಂದು ಅಂಥವರನ್ನು ಗದರುತ್ತಾನೆ. ಕೆಲಸ ಮುಗಿದರೂ ಬೀಗದ ಕೈ ಕೊಡುವುದಿಲ್ಲ. ಹೆಂಡತಿ ಚಿಕ್ಕಲಕ್ಷ್ಮಮ್ಮ ಸಾಕುವ ರೇಷ್ಮೆಹುಳುಗಳಲ್ಲಿ ಹತ್ತನ್ನು ಸೊಪ್ಪಿನ ಸಮೇತ ಮೊರದಲ್ಲಿ ತಂದು ಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತಾನೆ. ಘಾಟು ಸ್ವಲ್ಪ ಉಳಿದಿದ್ದರೂ ಹುಳುಗಳು ಮೇವು ಬಿಡುತ್ತವೆ. ಹಾಗೆ ಹುಳು ಮೇಯಲಿಲ್ಲವೆಂದು ಹೈಸ್ಕೂಲು ಹೆಡ್ಮಾಸ್ಟರರ ಗೃಹಪ್ರವೇಶವೇ ಮುಹೂರ್ತ ತಪ್ಪಿ ಮುಂದಕ್ಕೆ ಹೋಯಿತು. "ಹುಳಕ್ಕಾಗದ ಗಾಳಿ ಕೂಸ್ಗಾಯ್ತದಾ ಸ್ವಾಮಿ?" ಎಂದ, ಅಷ್ಟೇ. ನಮ್ಮ ಮನೆಯ ಸರದಿ ಬಂದಾಗ ನಾನು ಕೇಳಿಯೇಬಿಟ್ಟೆ, "ಇಷ್ಟು ವರ್ಷ ಬಣ್ಣದಲ್ಲೇ ಇದ್ದೀಯ, ಮೂಸಿದರೆ ಗೊತ್ತಾಗೋದಿಲ್ವಾ ಚೆಲುವಯ್ಯ, ಈ ಹುಳ ಯಾಕೆ?" ಆತ ಬ್ರಷ್ ತೊಳೆಯತೊಡಗಿದ. ಮೊರ ಹಿಡಿದು ನಿಂತಿದ್ದ ಚಿಕ್ಕಲಕ್ಷ್ಮಮ್ಮ ಮೆಲ್ಲಗೆ ಹೇಳಿದಳು: "ಹನ್ನೆರಡು ವರ್ಸ ಕಾರ್ಖಾನೇಲಿ ಬಣ್ಣ ಸ್ಪ್ರೇ ಹೊಡುದ್ರಲ್ಲ, ಮೂಗು ಸತ್ತೋಯ್ತು ಸ್ವಾಮಿ. ನಾನು ಮಲ್ಲಿಗೆ ಮುಡಿದ್ರೂ ತಿರುಗಿ ನಿಂತ್ಕೊಂಡು ತೋರುಸ್ಬೇಕು."